ಏಳೂರ ಅಳಿಯನ ಕಲ್ಲು

ಸಭೆಯ ಅಧ್ಯಕ್ಷರೂ ಹೋಟೆಲ್ ಉದ್ಯಮಿಗಳೂ ಆದ ಶ್ರೀಧರ್ ಅವರೇ, ನನ್ನನ್ನು ಹೊಗಳಿ ದಣಿದು ಈಗ ನೀರು ಕುಡಿಯುತ್ತಿರುವ ಮುಖ್ಯ ಅತಿಥಿಗಳೇ, ಊಟದ ಮನೆಯ ಕಡೆ ಕಣ್ಣಿಟ್ಟಿರುವ ತ್ಯಾಮಗೊಂಡ್ಲು ಹೋಬಳಿಯ ಸಭಿಕರೇ, ಮೊದಲ ಸಾಲು ಖಾಲಿಯಿದ್ದರೂ ಬೇಕಂತಲೇ ಕೊನೆಯ ಸಾಲಿನಲ್ಲಿ ಕುಳಿತಿರುವ ನನ್ನ ಧರ್ಮಪತ್ನಿ ವರಲಕ್ಷ್ಮಮ್ಮನವರೇ,

ಶಾಲು ಹೊದಿಸಿದಿರಿ, ಪೇಟ ತೊಡಿಸಿದಿರಿ. ಪೇಟ ದೊಡ್ಡದಾಗಿ ಕಿವಿ ಮುಚ್ಚಿದ್ದರಿಂದ ಹೊಗಳಿಕೆ ಅರ್ಧ ಮಾತ್ರ ಕೇಳಿಸಿತು. ಉಳಿದದ್ದನ್ನು ನಾನೇ ಊಹಿಸಿಕೊಂಡೆ, ಇನ್ನೂ ಚೆನ್ನಾಗಿತ್ತು.

ಬೊಮ್ಮನಾಯಕನ ಬಗ್ಗೆ ಪುಸ್ತಕ ಬರೆದದ್ದಕ್ಕೆ ಈ ಸನ್ಮಾನ. ಪಾಳೇಗಾರರ ಕಾಲದ ಆ ಕುದುರೆ ಸರದಾರನಿಗೆ ಹೆಂಗಸರನ್ನು ಒಲಿಸಿಕೊಳ್ಳುವುದೇ ಕಸುಬು. ಏಳು ಊರಿನಲ್ಲಿ ಏಳು ಜನ. ಅದಕ್ಕೇ ಅವನು ಏಳೂರ ಅಳಿಯ. ನಮ್ಮೂರ ನಾಟಕದಲ್ಲಿ ಆ ಪಾತ್ರ ಯಾವತ್ತೂ ಈ ರಾಮಾಂಜಿನಪ್ಪ ಮೇಷ್ಟ್ರದೇ. ಯುದ್ಧದಲ್ಲಿ ಗಾಯಗೊಂಡು, ಏಳೂ ಹೆಂಗಸರ ಹೆಸರು ಕರೆದು ಸಾಯುತ್ತಿದ್ದೆ. ಜನ ಒನ್ಸ್ ಮೋರ್ ಅನ್ನುತ್ತಿದ್ದರು. ಎದ್ದು ಮತ್ತೆ ಸಾಯುತ್ತಿದ್ದೆ. ಬಣ್ಣ ತೊಳೆದ ಮೇಲೂ ನಾನೇ ಬೊಮ್ಮನಾಯಕ ಅಂದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಮೀಸೆ ತಿರುವುತ್ತಿದ್ದೆ. ಹೆಂಗಸರು ನನ್ನ ಕಡೆ ನೋಡುತ್ತಿರಲಿಲ್ಲವೇ? ನೋಡುತ್ತಿದ್ದರು. ಬಸ್ಸು ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು.

ನಮ್ಮೂರ ಬಾಗಿಲಲ್ಲಿ ಅವನ ಹೆಸರಿನ ಕಲ್ಲಿದೆ. ಗಂಡನ ಮನೆಗೆ ಹೊರಟ ಹೆಣ್ಣು ಆ ಕಲ್ಲಿಗೆ ಪೊರಕೆಯಿಂದ ಹೊಡೆದೇ ಗಾಡಿ ಹತ್ತಬೇಕು. ಇದು ವಿರಹದ ತಾಡನ ಎಂದು ನಾನು ಪುಸ್ತಕದಲ್ಲಿ ಬರೆದೆ. ಓದಿ ಅಧ್ಯಕ್ಷರು ಕರಗಿಹೋದರು. ಬರುವ ವರ್ಷ ದೇವನಹಳ್ಳಿಯ ಹೊಸ ನಿಲ್ದಾಣದಲ್ಲಿ ವಿಮಾನ ಇಳಿಯುತ್ತದೆ, ಅಲ್ಲೇ ಅವರ ಹೋಟೆಲು ಏಳುತ್ತಿದೆ. ಈ ಮಹಾಪ್ರೇಮಿಯ ಕಲ್ಲನ್ನು ಹೋಟೆಲಿನ ಮುಂದೆ ನಿಲ್ಲಿಸೋಣ ಎಂದರು. ಊರಿನ ಸಂಘದ ಪರವಾಗಿ ನಾನೂ ಆಗಲಿ ಎಂದೆ. ಇವತ್ತು ಅದನ್ನು ಘೋಷಿಸಬೇಕು. ಕ್ರೇನು ಹೊರಗೆ ನಿಂತಿದೆ.

ಆದರೆ ನಿನ್ನೆ, ಮೆಚ್ಚುಗೆ ಸಿಗಲಿ ಎಂಬ ಆಸೆಗೆ, ಸೋಬಾನೆ ಹಾಡುವ ಪಾಪಮ್ಮಜ್ಜಿಗೆ ಪುಸ್ತಕ ಓದಿ ಹೇಳಿದೆ. ಯುದ್ಧದ ಅಧ್ಯಾಯಕ್ಕೆ ಬರುತ್ತಲೇ ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಉಗಿದರು.

"ಯಾವ ಯುದ್ಧ ಮೇಷ್ಟ್ರೇ? ಸಂತೇಲಿ ಪೊರಕೆ ಏಟು ತಿಂದು ಓಡೋದ ಕಣಪ್ಪ!"

ಸಂತೆಯಲ್ಲಿ ಆ ಏಳು ಜನ ಒಂದೇ ಸೊಪ್ಪಿನ ಗುಡ್ಡೆಗೆ ಬಗ್ಗಿದರಂತೆ. ಎಲ್ಲರ ಮೂಗಿನಲ್ಲೂ ಒಂದೇ ಅಚ್ಚಿನ ಮೂಗುತಿ. "ಯಾರು ಕೊಡ್ಸಿದ್ರವ್ವ?" ಎಂದು ಒಬ್ಬಳು ಕೇಳಿದಳು. ಪೊರಕೆ ಮಾರುವವಳು ಪಕ್ಕದಲ್ಲೇ ಇದ್ದಳು. ಅವತ್ತು ಅವಳಿಗೆ ಒಳ್ಳೆಯ ವ್ಯಾಪಾರ. ಅಜ್ಜಿ ಹಾಡಿಯೂ ತೋರಿಸಿದರು: ಮಾತು ಬೆಲ್ಲದ ಅಚ್ಚು, ಮನೆಗೆ ಬಾರದ ಹೆಜ್ಜೆ.

ನಗಬೇಡಿ, ಮುಂದಿದೆ. ಅವರಲ್ಲೊಬ್ಬಳು ಬಸುರಿ. ತವರಿನವರು ಬಾಗಿಲು ಹಾಕಿಕೊಂಡರು. ಉಳಿದವರೇ ಅವಳ ಬಾಣಂತನ ಮಾಡಿದರು, ಮಗುವನ್ನೂ ಸಾಕಿದರು. ಆ ಕಲ್ಲು ನೆಟ್ಟು ಪೊರಕೆ ಏಟಿನ ಪದ್ಧತಿ ಹಾಕಿದವರೂ ಅವರೇ ಎಂದರು ಅಜ್ಜಿ.

"ಹೋಗೋ ಮಗಳಿಗೆ ನಾವು ಹೇಳೋದು ಅದೇ ಕಣಪ್ಪ. ಅವನು ಕೈ ಬಿಟ್ರೆ ಅಳ್ತಾ ಕೂರ್ಬೇಡ, ವಾಪಸ್ ಬಾ. ಏಳು ಮನೆ ಬಾಗ್ಲು ತೆಗ್ದಿರ್ತವೆ."

ನಾನು ಪುಸ್ತಕ ಮುಚ್ಚಿದೆ. ಎಷ್ಟು ಸಲ ಸತ್ತೆ, ಎಷ್ಟು ಸಲ ಅವರ ಹೆಸರು ಕರೆದೆ! ಆಮೇಲೆ ಅವರು ಹೇಗೆ ಬದುಕಿದರು ಎಂದು ಒಂದು ಸಲವಾದರೂ ಕೇಳಿದೆನೇ? ಸತ್ತವನಿಗೆ ಎಲ್ಲಿ ಪುರಸೊತ್ತು?

ಅಲ್ಲಿ ಅಮ್ಮನ ಪಕ್ಕ ಕೂತಿರುವ, ಸೋಂಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಮಗಳು ಶಿಲ್ಪಳಿಗೆ ಬರುವ ವಾರ ಮದುವೆ. ಬೆಳಿಗ್ಗೆ ಕೇಳಿದಳು, "ಕಲ್ಲು ಹೋದ್ರೆ ನಾನ್ಯಾವುದಕ್ಕೆ ಹೊಡೀಲಿ ಅಪ್ಪಾ? ನಿಂಗಾ?" ಅವಳಮ್ಮ ಪಕ್ಕದಲ್ಲೇ ಇದ್ದಳು. ಬೇಡ ಅನ್ನಲಿಲ್ಲ.

ಶ್ರೀಧರ್ ಅವರೇ, ಕ್ಷಮಿಸಿ, ಕಲ್ಲು ಬರುವುದಿಲ್ಲ. ಹೋಟೆಲಿನ ಮುಂದೆ ಏಳೂರ ಅಳಿಯ ಬೇಕೇ ಬೇಕೆಂದರೆ ಈ ಪೇಟದ ಸಮೇತ ನಾನೇ ಬಂದು ನಿಲ್ಲುತ್ತೇನೆ. ವಿಮಾನದಿಂದ ಇಳಿದವರು ಒನ್ಸ್ ಮೋರ್ ಅಂದರೆ ಸಾಯಲೂ ಸಿದ್ಧ. ಶಾಲು ವಾಪಸ್ ಕೇಳಿದರೂ ಕೊಡುತ್ತೇನೆ. ಕ್ರೇನಿನವನಿಗೆ ಮಾತ್ರ ಊಟ ಹಾಕಿಸಿ ಕಳಿಸಿ.

ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದಿರಿ, ನಿಮಗೆಲ್ಲ ಉಪಕಾರ. ಮದುವೆಗೆ ತಪ್ಪದೆ ಬನ್ನಿ. ನನ್ನ ಮಗಳ ಕೈಗೆ ಪೊರಕೆ ಕೊಡುವವನು ನಾನೇ. ಅವತ್ತು ನನಗೆ ಮಾತು ಹೊರಡದೇ ಹೋಗಬಹುದು, ಈಗಲೇ ಹೇಳಿಬಿಡುತ್ತೇನೆ. ಶಿಲ್ಪಾ, ಆ ಏಳು ಮನೆಗಳಲ್ಲಿ ಮೊದಲನೆಯದು ನಮ್ಮದು ಕಣಮ್ಮ.

ನಮಸ್ಕಾರ.