ಮಂಚದಿಂದ ಕುರ್ಚಿಗೆ

ಗಡಿಯಾರ ರಿಪೇರಿಗೆಂದು ಕಾದು ಕುಳಿತಿದ್ದೆ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಬಡಗಿಯೊಬ್ಬ ಬಂದು, ಹಳೆ ಕ್ಯಾಮೆರಾಗಳನ್ನೂ ಮಾರುವ ಆ ಅಂಗಡಿಯವನನ್ನು ಕೇಳಿದ.

“ಮಬ್ಬು ಬೆಳಕಲ್ಲೂ ಫೋಕಸ್ ಸಿಗೋ ರೀಲ್ ಕ್ಯಾಮೆರಾ ಇದ್ಯಾ, ಅಣ್ಣ? ಹೋದ ಸಲ ಇಡೀ ರೀಲೇ ಮಸುಕು.”

“ಇದನ್ನ ನೋಡು. ಈ ಕಿಂಡೀಲಿ ಕಣ್ಣಿಟ್ರೆ ಎರಡು ಬಿಂಬ ಕಾಣುತ್ತೆ. ಮುಖ ತೆಗೆಯೋದಾದ್ರೆ ರೆಪ್ಪೆಯ ಗೆರೆ ಹಿಡಿದು ಎರಡನ್ನೂ ಒಂದು ಮಾಡು.”

“ಫೋಟೊ ಹಾಸಿಗೆ ಹಿಡಿದಿರೋ ಹೆಂಡತೀದು. ಅವಳಿಗೆ ಬೆಳಕು ತಡೆಯೋಕಾಗಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದೀವಿ.”

“ಬಟ್ಟೆ ಅಂಚು ಹಿಡಿ.”

“ಬಟ್ಟೆ ಬಿಳಿ, ದಿಂಬೂ ಬಿಳಿ. ಅಂಚೇ ಕಾಣಲ್ಲ.”

“ಬಡಗಿಯಾಗಿ ಇಷ್ಟಕ್ಕೆ ತಲೆ ಕೆಡಿಸ್ಕೋತೀಯಲ್ಲೋ. ಮಂಚದಿಂದ ನೀನು ಕೂತು ತೆಗೆಯೋ ಕುರ್ಚಿಗೆ ಟೇಪ್ ಹಿಡಿ, ಲೆನ್ಸ್ ಮೇಲೆ ದೂರದ ಅಂಕಿ ಇರುತ್ತೆ, ಅಷ್ಟಕ್ಕೆ ತಿರುಗಿಸು. ಕಣ್ಣೇ ಬೇಡ.”

“ನಿನ್ನೆ ಹಿಡಿದೆ.”

“ಮತ್ತೆ?”

“ಟೇಪ್ ಎಳೆದ ಸದ್ದು ಕೇಳಿ, ‘ನನ್ನ ಶವಪೆಟ್ಟಿಗೆಗಾ ಅಳತೆ?’ ಅಂದಳು.”

ಅಂಗಡಿಯವನು ಒರೆಸಿದ್ದ ಲೆನ್ಸನ್ನೇ ಮತ್ತೆ ಒರೆಸಿದ.

“ಫೋಟೊಗೆ ಅಂತ ಹೇಳಬೇಕಿತ್ತು, ತಮ್ಮ.”

“ಹೇಳಿದೆ. ‘ಆಯ್ತು, ಒಳ್ಳೆ ಮರ ಹಾಕು’ ಅಂದಳು.”

ಅಂಗಡಿಯವನು ಇನ್ನೊಂದು ಕ್ಯಾಮೆರಾಗೆಂದು ಗಾಜಿನ ಕಪಾಟು ತೆರೆದ. ಬಡಗಿ ಬೇಡವೆಂದು ಕೈಯಾಡಿಸಿ ಮೆಟ್ಟಿಲಿಳಿದು ಹೋದ.