ಮೊದಲು ಎದುರಿನವರ ವಾದ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ವಿದ್ಯಾರ್ಥಿಗಳೇ, ಸಭಿಕರೇ, ಮತ್ತು ಇಂದು ನಿವೃತ್ತರಾಗುತ್ತಿರುವ ಪ್ರಾಧ್ಯಾಪಕರೇ,

ಆ ಕೊನೆಯ ಮಾತು ಹೇಳುವಾಗ ನನ್ನ ನಾಲಿಗೆ ಸ್ವಲ್ಪ ತೊಡರಿತು, ನೀವೂ ಗಮನಿಸಿರಬೇಕು. ಮದುವೆಯಾದಾಗಿನಿಂದ ಮನೆಯಲ್ಲಿ ‘ಇವಳೇ’ ಎಂದು ಕೂಗಿ ರೂಢಿಯಾದವನಿಗೆ ಸಭೆಯಲ್ಲಿ ಬಹುವಚನ ಹಚ್ಚುವುದು ಸುಲಭವೇ? ಹೊರಡುವಾಗ ನನ್ನ ಕಾಲರ್ ಸರಿಮಾಡುತ್ತಾ, “ರೀ, ಅಲ್ಲಿ ಮನೆ ವಿಷಯ ಎತ್ತಬೇಡಿ” ಎಂದು ತಾಕೀತು ಬೇರೆ ಮಾಡಿದ್ದಾರೆ. ಆದ್ದರಿಂದ ಬರೀ ವಿದ್ವತ್ತಿನ ವಿಷಯ ಮಾತಾಡುತ್ತೇನೆ.

ನಮ್ಮ ವಿಭಾಗದಲ್ಲಿ ಯುದ್ಧವನ್ನು ಓದುವ ದಾರಿ ಎರಡು. ಒಂದು ನನ್ನದು, ಎಣಿಸುವುದು. ಯಾರ ಬಳಿ ಎಷ್ಟು ಟ್ಯಾಂಕು, ಎಷ್ಟು ಫಿರಂಗಿ ಎಂದು ಆಕಾಶದಿಂದ ತೆಗೆದ ಚಿತ್ರಗಳ ಮೇಲೆ ಭೂತಗನ್ನಡಿ ಹಿಡಿದು ಕೂತೇ ನನ್ನ ಕನ್ನಡಕ ಇಷ್ಟು ದಪ್ಪವಾಯಿತು. ಇನ್ನೊಂದು ಇವರದು, ಹೋಗಿ ಕೇಳುವುದು. ಕದನವಿರಾಮ ಯಾಕೆ ಮುರಿಯಿತು ಎಂದು ಎರಡೂ ಕಡೆಯವರ ಎದುರು ಕೂತು ಕೇಳುವುದು.

ನಾವು ಮೊದಲು ಎದುರಾದದ್ದು ಒಂದು ವಿಚಾರ ಸಂಕಿರಣದಲ್ಲಿ. ಹೊಸದಾಗಿ ಆಗಿದ್ದ ಒಂದು ಕದನವಿರಾಮ ಮುರಿಯದೆ ನಿಂತೇ ನಿಲ್ಲುತ್ತದೆ, ಯಾಕೆಂದರೆ ಇಬ್ಬರ ಮದ್ದುಗುಂಡೂ ಖಾಲಿ ಎಂದು ನಾನು ಎದೆಯುಬ್ಬಿಸಿ ಪ್ರಬಂಧ ಓದಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, ಅಲ್ಲಿ ಯಾರನ್ನಾದರೂ ಮಾತಾಡಿಸಿದ್ದೀರಾ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಮಾತಾಡಿಸಿ ಬಂದಿದ್ದಳು. ಸೇತುವೆಯ ಮೇಲೆ ಮೊದಲು ಯಾರ ಗಾಡಿ ದಾಟಬೇಕು ಎನ್ನುವುದೇ ಇನ್ನೂ ಇತ್ಯರ್ಥವಾಗಿಲ್ಲ, ಇದು ನಿಲ್ಲುವುದಿಲ್ಲ ಎಂದಳು. ಸಂಕಿರಣ ಮುಗಿಯುವ ಮೊದಲೇ ಸುದ್ದಿ ಬಂತು, ಸೇತುವೆಯ ಮೇಲೇ ಗುಂಡು ಹಾರಿತ್ತು. ಗೆದ್ದೆ ಎಂದು ಬೀಗುತ್ತಾಳೆ ಅಂದುಕೊಂಡೆ. ಸರಿಯಾಗಿ ಹೇಳಿದವಳು ಹೊರಗೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ತಪ್ಪು ಹೇಳಿದವನು ಟೀ ತಂದುಕೊಟ್ಟೆ. ಒಂದು ಪ್ರಬಂಧ ಹೋಯಿತು, ಹೆಂಡತಿ ಸಿಕ್ಕಳು.

ನೋಡಿ, ಆಗಲೇ ಮನೆ ವಿಷಯಕ್ಕೆ ಬಂದುಬಿಟ್ಟೆ. ವೇದಿಕೆಯ ಆ ತುದಿಯಿಂದ ಇವರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ವಿದ್ವತ್ತಿಗೆ ಮರಳೋಣ.

ಇವರು ಕಾದಾಡುವ ಎರಡೂ ಕಡೆಯವರನ್ನು ಮಾತುಕತೆಗೆ ಕೂರಿಸುವಾಗ ಒಂದೇ ನಿಯಮ. ನಿಮ್ಮ ವಾದ ಹೇಳುವ ಮೊದಲು ಎದುರಿನವರ ವಾದವನ್ನು ನೀವೇ ಹೇಳಬೇಕು. ಅವರು “ಹೌದು, ಅದೇ” ಎನ್ನುವವರೆಗೂ ಬಿಡುವಂತಿಲ್ಲ. ಕೇಳಲು ಎಷ್ಟು ಸಲೀಸು, ಅಲ್ಲವೇ? ಒಮ್ಮೆ ಒಬ್ಬ ಮುದಿ ದಳಪತಿ ಈ ನಿಯಮ ಕೇಳಿ ನಕ್ಕನಂತೆ. ನಗುತ್ತಲೇ ಶುರುಮಾಡಿದ: ಇವರು ಹೇಳೋದು, ನಾವು ಇವರ ಶಾಲೆ ಸುಟ್ಟೆವು ಅಂತ, ಮಕ್ಕಳು ಈಗ ಕೊಟ್ಟಿಗೆಯಲ್ಲಿ ಓದ್ತಿದ್ದಾರೆ ಅಂತ. ಅಷ್ಟು ಹೇಳಿ ನಿಲ್ಲಿಸಿದ. ನೀರು ಕೇಳಿದ. ಆಮೇಲೆ ತನ್ನ ವಾದ ಹೇಳಲು ಅವನಿಗೆ ಮನಸ್ಸೇ ಬರಲಿಲ್ಲವಂತೆ. ಆ ರಾತ್ರಿ ಫೋನಿನಲ್ಲಿ ಇದನ್ನು ಹೇಳುವಾಗ ಇವಳ ದನಿಯಲ್ಲಿ ಇದ್ದ ಖುಷಿ ಇನ್ನೂ ನನ್ನ ಕಿವಿಯಲ್ಲಿದೆ.

ಆ ನಿಯಮ ನಮ್ಮ ಮನೆಗೂ ಬಂತು, ಬರದೆ ಇರುತ್ತದೆಯೇ? ನಮ್ಮಿಬ್ಬರಿಗೂ ಇರುವುದು ಒಂದೇ ಬರೆಯುವ ಮೇಜು. ನನ್ನ ಚಿತ್ರಗಳು ದಿನೇ ದಿನೇ ಇವಳ ಕಡೆಗೆ ಮುನ್ನುಗ್ಗುತ್ತಿದ್ದವು. ಕೊನೆಗೆ ಒಬ್ಬರ ವಾದವನ್ನು ಇನ್ನೊಬ್ಬರು ಹೇಳಿ ಮುಗಿಸಿದ ಮೇಲೆ ಇವಳು ಮೇಜಿನ ನಡುವೆ ಕೆಂಪು ಅಂಟುಪಟ್ಟಿ ಎಳೆದು ಗಡಿ ಹಾಕಿದಳು. ನಾನು ಅದನ್ನೂ ಸಾವಿರ ಸಲ ಉಲ್ಲಂಘಿಸಿದ್ದೇನೆ. ನಮ್ಮ ಮಗಳಂತೂ, ಈ ಮನೆಯಲ್ಲಿ ಕಿಟಕಿ ತೆಗೆಯೋಕೂ ಶಾಂತಿ ಒಪ್ಪಂದ ಬೇಕು ಎನ್ನುತ್ತಲೇ ಬೆಳೆದಳು. ಮುಂದಿನ ಸಾಲಿನಲ್ಲಿ ಕೂತು ಈಗಲೂ ನಗುತ್ತಿದ್ದಾಳೆ.

ಈಗ ಒಂದು ಗುಟ್ಟು. ದೂರದ ಬೆಟ್ಟ ಸೀಮೆಯೊಂದರಲ್ಲಿ ಹೋದ ತಿಂಗಳು ಕದನವಿರಾಮಕ್ಕೆ ಸಹಿ ಬಿದ್ದಿದೆ. ಅದರ ಉಸ್ತುವಾರಿ ತಂಡ ನಡೆಸಲು ಎರಡು ವರ್ಷದ ಮಟ್ಟಿಗೆ ಬನ್ನಿ ಎಂದು ಇವಳಿಗೆ ಕರೆ ಬಂದಿದೆ. ನಾಳೆ ಉತ್ತರ ಕೊಡಬೇಕು. ನಾನು ಬೇಡ ಎಂದೆ. ಮೊಣಕಾಲು ನೋವು ಎಂದೆ, ಚಳಿ ಎಂದೆ, ವಯಸ್ಸು ಎಂದೆ. ಇವಳು ಜಗಳಕ್ಕೇ ಬರಲಿಲ್ಲ. “ಸರಿ, ಮೊದಲು ನನ್ನ ವಾದ ನೀವು ಹೇಳಿ” ಎಂದಳು. ಕುಂಡಗಳಿಗೆ ನೀರು ಹಾಕಬೇಕು ಎಂದು ಎದ್ದು ಹೋದೆ. ಒಂದು ವಾರದಿಂದ ನೀರು ಹಾಕುತ್ತಲೇ ಇದ್ದೇನೆ. ಗಿಡಗಳು ಕೊಳೆಯುವ ಸ್ಥಿತಿಗೆ ಬಂದಿವೆ.

ಯಾಕೆ ಹೇಳಲಿಲ್ಲ? ಹೇಳಿದರೆ ಸೋಲುತ್ತೇನೆ ಎಂದು ಗೊತ್ತಿತ್ತು. ಅಧ್ಯಕ್ಷರ ಅಪ್ಪಣೆಯಿದ್ದರೆ ಇಲ್ಲೇ ಹೇಳಿಬಿಡುತ್ತೇನೆ. ಇಷ್ಟು ಜನರ ಎದುರು ಎದ್ದು ಹೋಗಲು ಇಲ್ಲಿ ಕುಂಡಗಳೂ ಇಲ್ಲ.

ಇವಳೇ, ನೀನು ಹೇಳೋದು ಇದು: ನಾನು ಬರೆದ ಪುಸ್ತಕಗಳೆಲ್ಲ ಮುರಿದು ಬಿದ್ದ ಕದನವಿರಾಮಗಳ ಮೇಲೆ. ಪ್ರತಿ ಸಲ ಎಲ್ಲ ಮುಗಿದ ಮೇಲೆ ಹೋದೆ, ಯಾಕೆ ಮುರಿಯಿತು ಅಂತ ಕೇಳಿದೆ, ಕೂತು ಅತ್ತೆ, ಬರೆದೆ. ಒಂದಾದರೂ ಮುರಿಯದೆ ನಿಲ್ಲೋದನ್ನು ಶುರುವಿನಿಂದಲೇ ಹತ್ತಿರ ಇದ್ದು ನೋಡಬೇಕು. ಕೈಲಾದರೆ ಅದು ನಿಲ್ಲುವ ಹಾಗೆ ಮಾಡಬೇಕು. ಮೊಣಕಾಲು ಇಲ್ಲಿದ್ದರೂ ನೋಯುತ್ತೆ, ಅಲ್ಲಿದ್ದರೂ ನೋಯುತ್ತೆ. ಇದೇ ತಾನೇ?

ಸಭಿಕರೇ, ತಲೆಯಾಡಿಸಿದಳು. ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಆದರೂ “ಹೌದು, ಅದೇ” ಅಂದಳು. ನೀವೆಲ್ಲ ಸಾಕ್ಷಿ.

ನಿಯಮದ ಪ್ರಕಾರ ಇನ್ನು ನನ್ನ ಸರದಿ. ನನ್ನ ವಾದವನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದೆ. ಮೊಣಕಾಲು, ಚಳಿ, ವಯಸ್ಸು, ಎಲ್ಲ ಇದೆ. ನೀನಿಲ್ಲದೆ ನನಗೆ ಹೊತ್ತು ಹೋಗುವುದಿಲ್ಲ ಎನ್ನುವುದನ್ನು ಮಾತ್ರ ಬರೆದಿರಲಿಲ್ಲ, ನಿಜವಾದ ಕಾರಣ ಅದೊಂದೇ. ಈ ಚೀಟಿ ಜೇಬಿನಲ್ಲೇ ಇರಲಿ.

ಹೋಗಿ ಬಾ. ನೀನು ಬರುವವರೆಗೂ ಮೇಜಿನ ನಿನ್ನ ಅರ್ಧಕ್ಕೆ ನನ್ನ ಒಂದು ಕಾಗದವೂ ದಾಟುವುದಿಲ್ಲ. ಉಸ್ತುವಾರಿಗೆ ಮಗಳಿದ್ದಾಳೆ. ಮುರಿಯದ ಕದನವಿರಾಮ ಒಂದನ್ನು ನೀನು ಅಲ್ಲಿ ನೋಡು, ಇನ್ನೊಂದನ್ನು ಮನೆಗೆ ಬಂದು ನೋಡು.

ಐದು ನಿಮಿಷ ಎಂದು ಕೊಟ್ಟ ಮೈಕನ್ನು ಇಷ್ಟು ಹೊತ್ತು ಹಿಡಿದುಕೊಂಡರೂ ಗಂಟೆ ಬಾರಿಸದ ಅಧ್ಯಕ್ಷರಿಗೂ, ಗಂಡ ಹೆಂಡಿರ ಜಗಳವನ್ನು ತಾಳ್ಮೆಯಿಂದ ಕೇಳಿದ ನಿಮಗೂ ಕೃತಜ್ಞತೆಗಳು. ಮುಂದೆ ಮಾತಾಡುವುದು ಇವಳ ಸರದಿ. ಕ್ಷಮಿಸಿ, ಇವರ ಸರದಿ. ನಮಸ್ಕಾರ.