ಸದ್ದಿಲ್ಲದ ಕ್ಯಾಮೆರಾ

ಲೆನ್ಸ್ ಸ್ವಚ್ಛ ಮಾಡಿಸಲು ಕ್ಯಾಮೆರಾ ಅಂಗಡಿಯ ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಅಕ್ಕ, ತಮ್ಮ ಇಬ್ಬರಿದ್ದರು. ಅವರೆದುರು ಗಾಜಿನ ಮೇಜಿನ ಮೇಲೆ ಹೊಸ ಬಗೆಯ ಎರಡು ಮಿರರ್‌ಲೆಸ್ ಕ್ಯಾಮೆರಾಗಳು.

“ಎರಡರಲ್ಲೂ ಫೋಟೋ ತೆಗೆಯೋವಾಗಿನ ಸದ್ದು ನಿಲ್ಲಿಸಬಹುದು ಅಕ್ಕ,” ಎಂದ ತಮ್ಮ. “ಆದ್ರೆ ಸದ್ದು ನಿಲ್ಲಿಸಿದಾಗ ಆ ಕ್ಯಾಮೆರಾದಲ್ಲಿ ಓಡಾಡೋರ ಚಿತ್ರ ಸೊಟ್ಟಗೆ ಬರುತ್ತೆ. ಇದರಲ್ಲಿ ಬರಲ್ಲ.”

“ಅಮ್ಮ ಏನು ಓಟದ ಪಂದ್ಯಕ್ಕೆ ನಿಂತಿದಾಳಾ? ಸದ್ದು ಯಾಕೆ ನಿಲ್ಲಿಸಬೇಕು?”

“ನನ್ನ ಹಳೇ ಕ್ಯಾಮೆರಾ ಟಕ್ ಅಂದ ತಕ್ಷಣ ಅವಳಿಗೆ ಎಚ್ಚರ ಆಗುತ್ತೆ. ಕೂದಲು ಸರಿ ಮಾಡ್ಕೊಂಡು ನೆಟ್ಟಗೆ ಕೂತ್ಕೊಳ್ತಾಳೆ. ನಂಗೆ ಕದ್ದು ಸಿಕ್ಕಿಬಿದ್ದ ಹಾಗಾಗುತ್ತೆ.”

“ಅಮ್ಮನ ಫೋಟೋ ತೆಗೆಯೋದು ಕಳ್ಳತನವೇನೋ?”

“ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ. ಕಂಡೋರ ಮದುವೆಯೆಲ್ಲ ತೆಗೆದೆ. ನಂದೂ ಒಂದು ತೆಗಿಯೋ ಅಂತ ಅವಳು ಕೇಳಿದಾಗಲೆಲ್ಲ ನಾಳೆ ಅಂದೆ. ಈಗ ನಾನು ಯಾರು ಅನ್ನೋದೇ ಅವಳಿಗೆ ಗೊತ್ತಿಲ್ಲ. ನಿದ್ದೆ ಮಾಡ್ತಿರೋವಾಗ ತೆಗೀತಿದೀನಿ.”

ಅಕ್ಕ ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

“ನಾನು ಎಷ್ಟು ಕರೆದರೂ ಗೋಡೆ ನೋಡ್ತಾಳೆ ಕಣೋ. ಆ ಟಕ್ ಅನ್ನೋದಕ್ಕೆ ಮಾತ್ರ ತಿರುಗೋದು. ಅದನ್ನೂ ನಿಲ್ಲಿಸಿಬಿಡ್ತೀಯಾ?”



“ಹಾಗಾದ್ರೆ ಸೊಟ್ಟಗೆ ಬರದ ಇದನ್ನೇ ಕಟ್ಟಿಕೊಡ್ಲಾ ಸರ್?” ಎಂದರು ಅಂಗಡಿಯವರು.

“ಒಂದ್ನಿಮಿಷ. ಯಾವುದರ ಸದ್ದು ಜೋರು?” ಎಂದು ಕೇಳಿದ ತಮ್ಮ.

ಅಂಗಡಿಯವರು ಎರಡರ ಗುಂಡಿಯನ್ನೂ ಒಂದೊಂದು ಸಲ ಒತ್ತಿದರು. ಅಕ್ಕ ತಮ್ಮ ತಲೆ ಬಗ್ಗಿಸಿ ಕೇಳಿಸಿಕೊಂಡರು.

“ಇನ್ನೊಂದ್ಸಲ ಒತ್ತಿ,” ಎಂದಳು ಅಕ್ಕ. “ಅಮ್ಮನಿಗೆ ಕಿವಿ ಸ್ವಲ್ಪ ಮಂದ.”

ಚಿತ್ರ ಸೊಟ್ಟಗೆ ಬರುತ್ತದೆ ಎಂದು ತಮ್ಮ ಹೇಳಿದ್ದನಲ್ಲ, ಅದರ ಸದ್ದೇ ಜೋರಾಗಿತ್ತು. ಅದನ್ನೇ ಕೊಂಡು ಹೊರಟರು.